ಹಿಂದಿನ ಲೈಟನ್ನು ನಮ್ಮ ಕೈಗೆ ವಾಪಸ್ ಕೊಡಿ: ಕಾರು ತಯಾರಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕಾರು ತಯಾರಿಸುವ ಎಲ್ಲ ಕಂಪನಿಗಳ ವಿನ್ಯಾಸ ಮತ್ತು ಸರ್ವಿಸ್ ವಿಭಾಗಗಳ ಮುಖ್ಯಸ್ಥರಿಗೆ

ವಿಷಯ: ಹಿಂದಿನ ಲೈಟು ಕೆಟ್ಟರೆ ಮಾಲೀಕರು ತಾವೇ ಸರಿಮಾಡಿಕೊಳ್ಳಲು ಆಗದಂತೆ ಮಾಡಿರುವ ಬಗ್ಗೆ

ಮಾನ್ಯರೇ,

ನಾನು ಹದಿನಾರು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ. ಮೆಕ್ಯಾನಿಕ್ ಅಲ್ಲ, ಎಂಜಿನಿಯರ್ ಕೂಡ ಅಲ್ಲ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಲು ಹೆದರದ ಒಬ್ಬ ಸಾಮಾನ್ಯ ಮಾಲೀಕ, ಅಷ್ಟೇ. ಯಾವುದೋ ಒಂದು ಕಂಪನಿಯ ಹೆಸರು ಹಿಡಿದು ಬೈಯಲು ಈ ಪತ್ರ ಬರೆಯುತ್ತಿಲ್ಲ. ಹೆಚ್ಚುಕಮ್ಮಿ ನೀವೆಲ್ಲರೂ ಒಂದೇ ದಾರಿ ಹಿಡಿದಿದ್ದೀರಿ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ನನ್ನ ಹಳೆಯ ಕಾರಿನ ದಿನಗಳವು. ಒಂದು ಸಂಜೆ ಸಿಗ್ನಲ್‌ನಲ್ಲಿ ನಿಂತಿದ್ದೆ. ಹಿಂದಿನಿಂದ ಬಂದ ಬೈಕ್ ಸವಾರ ಪಕ್ಕಕ್ಕೆ ಬಂದು ಕಿಟಕಿ ತಟ್ಟಿದ. "ಸಾರ್, ನಿಮ್ಮ ಬ್ರೇಕ್ ಲೈಟ್ ಎರಡೂ ಉರೀತಿಲ್ಲ. ಇನ್ನೇನು ಬಂದು ಗುದ್ದಿಬಿಡ್ತಿದ್ದೆ" ಅಂದ. ಅವನ ಕೈ ಇನ್ನೂ ನಡುಗುತ್ತಿತ್ತು. ನಾನು ಕ್ಷಮೆ ಕೇಳುವಷ್ಟರಲ್ಲಿ ಸಿಗ್ನಲ್ ಹಸಿರಾಯಿತು, ಅವನು ಹೋಗಿಬಿಟ್ಟ.

ಮನೆಗೆ ಬಂದು ಯೋಚಿಸಿದೆ. ಎರಡು ಬಲ್ಬೂ ಒಂದೇ ದಿನ ಹೋಗಿರಲಾರವು. ಒಂದು ಯಾವತ್ತೋ ಸುಟ್ಟುಹೋಗಿರಬೇಕು. ಇನ್ನೊಂದರ ಮೇಲೆ ಎಷ್ಟು ವಾರ ಓಡಾಡಿದೆನೋ ಗೊತ್ತಿಲ್ಲ. ಅದೂ ಹೋದ ದಿನ ಈ ಪುಣ್ಯಾತ್ಮ ಸಿಕ್ಕಿದ್ದ. ತನ್ನ ಬೆನ್ನು ತನಗೆ ಕಾಣದು ಅಂತಾರಲ್ಲ, ಕಾರಿನ ಹಿಂದಿನ ಲೈಟಿನ ಕಥೆ ಪೂರ್ತಿ ಅದೇ. ಹೆಡ್‌ಲೈಟ್ ಕೆಟ್ಟರೆ ರಸ್ತೆಯೇ ಕತ್ತಲಾಗುತ್ತದೆ, ತಕ್ಷಣ ಗೊತ್ತಾಗುತ್ತದೆ. ಹಿಂದಿನ ಲೈಟು ಕೆಟ್ಟರೆ ಓಡಿಸುವವನಿಗೆ ಏನೂ ಆಗುವುದಿಲ್ಲ. ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಕಷ್ಟ ಹಿಂದೆ ಬರುವವನಿಗೆ.

ಅದೇ ರಾತ್ರಿ ನಾನೇ ಬಲ್ಬ್ ಬದಲಾಯಿಸಿದೆ. ಅದಕ್ಕೂ ಮುಂಚೆ ಯಾವತ್ತೂ ಮಾಡಿದವನಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಅರ್ಧ ಪುಟದ ಚಿತ್ರವಿತ್ತು. ಡಿಕ್ಕಿ ತೆಗೆದೆ. (ಹಿಂಬದಿಯ ಬಾಗಿಲಿಗೂ ಅಪಘಾತಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಹೆಸರು ಇರುವುದು ಅವತ್ತು ಸ್ವಲ್ಪ ಜಾಸ್ತಿಯೇ ಚುಚ್ಚಿತು.) ಪಕ್ಕದ ಹೊದಿಕೆ ಸರಿಸಿದರೆ ಕೈಯಲ್ಲೇ ತಿರುಗಿಸಬಹುದಾದ ಎರಡು ಪ್ಲಾಸ್ಟಿಕ್ ನಟ್‌ಗಳು. ಅವನ್ನು ಬಿಚ್ಚಿ ಲ್ಯಾಂಪನ್ನು ನೇರವಾಗಿ ಹಿಂದಕ್ಕೆ ಎಳೆದಾಗ ಅದು ಟಕ್ ಅಂತ ಕೈಗೆ ಬಂತು. ಹೋಲ್ಡರನ್ನು ಎಡಕ್ಕೆ ತಿರುಗಿಸಿ ಹೊರತೆಗೆದೆ. ಬಲ್ಬನ್ನು ಒತ್ತಿ ತಿರುಗಿಸಿದೆ, ಅದೂ ಬಂತು. ಒಳಗಿನ ಗಾಜು ಹೊಗೆ ಹಿಡಿದ ಕನ್ನಡಿಯಂತೆ ಕಪ್ಪಾಗಿತ್ತು. ಟಂಗ್‌ಸ್ಟನ್ ತಂತಿ ಕಾದು ಕಾದು ಆವಿಯಾಗಿ ಗಾಜಿಗೆ ಮೆತ್ತಿಕೊಳ್ಳುತ್ತದೆ, ತಂತಿ ತೆಳ್ಳಗಾಗಿ ಕೊನೆಗೊಂದು ದಿನ ತುಂಡಾಗುತ್ತದೆ ಅನ್ನುವುದು ಆಮೇಲೆ ತಿಳಿಯಿತು.

ಆ ಪುಟ್ಟ ಬಲ್ಬಿನ ಬಗ್ಗೆ ನಿಮಗೆ ಒಂದೆರಡು ಮಾತು ಹೇಳಲೇಬೇಕು. ಅದನ್ನು ವಿನ್ಯಾಸ ಮಾಡಿದ್ದು ನಿಮ್ಮದೇ ಹಿರಿಯರು. ಪಿ21/5ಡಬ್ಲ್ಯೂ ಅಂತ ಅದರ ಹೆಸರು. ಒಂದೇ ಗಾಜಿನೊಳಗೆ ಎರಡು ತಂತಿ. ರಾತ್ರಿಯಿಡೀ ಮಂದವಾಗಿ ಉರಿಯಲು 5 ವಾಟ್‌ನದು, ಬ್ರೇಕ್ ಒತ್ತಿದಾಗ ಜೋರಾಗಿ ಹೊಳೆಯಲು 21 ವಾಟ್‌ನದು. ಎರಡರ ನಡುವೆ ನಾಲ್ಕು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಆ ವ್ಯತ್ಯಾಸ ನೋಡಿಯೇ ಹಿಂದಿನವನು "ಓ, ಇವನು ನಿಲ್ಲಿಸುತ್ತಿದ್ದಾನೆ" ಅಂತ ತಿಳಿದುಕೊಳ್ಳುವುದು. ಈ ಬಲ್ಬನ್ನು ತಿರುಗುಮುರುಗಾಗಿ ಹಾಕಿಬಿಟ್ಟರೆ ಏನಾಗುತ್ತದೆ? ಲೈಟ್ ಹಾಕಿದೊಡನೆ ಬ್ರೇಕ್ ಒತ್ತಿದಂತೆ ಹೊಳೆಯುತ್ತದೆ. ನಿಜವಾಗಿ ಬ್ರೇಕ್ ಒತ್ತಿದಾಗ ಹಿಂದಿನವನಿಗೆ ಬದಲಾವಣೆಯೇ ತಿಳಿಯುವುದಿಲ್ಲ. ನಾನು ಅವತ್ತು ಹಾಗೇ ತಪ್ಪಾಗಿ ಹಾಕಲು ಹೋಗಿದ್ದೆ. ಬಲ್ಬು ಒಳಗೆ ಹೋಗಲೇ ಇಲ್ಲ. ನೋಡಿದರೆ ಪಕ್ಕದ ಎರಡು ಮೊಳೆಗಳು ಒಂದೇ ಎತ್ತರದಲ್ಲಿಲ್ಲ. ಒಂದು ಮೇಲೆ, ಒಂದು ಕೆಳಗೆ. ಹಾಗಾಗಿ ಒಂದೇ ರೀತಿಯಲ್ಲಿ ಕೂರುತ್ತದೆ.

ಅದನ್ನು ಮಾಡಿದವರು ನನ್ನಂಥವನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಇವನು ಮೆಕ್ಯಾನಿಕ್ ಅಲ್ಲ, ಕತ್ತಲಲ್ಲಿ ಮಾಡುತ್ತಿರುತ್ತಾನೆ, ತಪ್ಪು ಮಾಡುತ್ತಾನೆ, ತಪ್ಪಾಗದಂತೆ ನೋಡಿಕೊಳ್ಳೋಣ ಅಂತ ಯಾರೋ ಕೂತು ಯೋಚಿಸಿದ್ದಾರೆ. ನನ್ನ ಇಡೀ ದೂರು ಇಷ್ಟೇ ಸ್ವಾಮಿ. ಈಗ ಹಾಗೆ ಯೋಚಿಸುವವರು ಕಾಣಿಸುತ್ತಿಲ್ಲ.

ಆಮೇಲಿನ ವರ್ಷಗಳಲ್ಲಿ ಆ ಹಳೆಯ ಕಾರು ನನಗೆ ಹಿಂದಿನ ಲೈಟಿನ ಎಲ್ಲ ರೋಗಗಳನ್ನೂ ತೋರಿಸಿತು. ಒಮ್ಮೆ ಬ್ರೇಕ್ ಒತ್ತಿದಾಗಲೆಲ್ಲ ಅದೇ ಬದಿಯ ಇಂಡಿಕೇಟರ್ ಮಿಣುಕುತ್ತಿತ್ತು. ಬಲ್ಬು ಬದಲಾಯಿಸಿದೆ, ಹೋಗಲಿಲ್ಲ. ಇನ್ನೊಂದು ಬದಲಾಯಿಸಿದೆ, ಊಹೂಂ. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ನೋಡಿ ನಕ್ಕ. "ಬಲ್ಬಿಗೆ ಏನೂ ಆಗಿಲ್ಲ, ಅರ್ತ್ ಹೋಗಿದೆ" ಅಂದ. ಬ್ರೇಕ್ ಲೈಟಿಗೆ ಬಂದ ಕರೆಂಟ್ ವಾಪಸ್ ಹೋಗುವ ದಾರಿ ತುಕ್ಕು ಹಿಡಿದು ಮುಚ್ಚಿಕೊಂಡಿದೆ, ಅದು ಪಕ್ಕದ ಬಲ್ಬಿನ ತಂತಿಯ ಮೂಲಕ ನುಸುಳಿ ಹೋಗುತ್ತಿದೆ, ಅದಕ್ಕೇ ಅದು ಮಿಣುಕುವುದು. ಮರಳು ಕಾಗದದಲ್ಲಿ ಆ ಒಂದು ಜೋಡಣೆ ಉಜ್ಜಿ ನಟ್ ಬಿಗಿ ಮಾಡಿದ, ಎಲ್ಲ ಸರಿಹೋಯಿತು. ಇನ್ನೊಮ್ಮೆ ಬ್ರೇಕ್ ಲೈಟುಗಳೆಲ್ಲ ಒಟ್ಟಿಗೆ ಹೋದವು. ಫ್ಯೂಸ್ ಚೆನ್ನಾಗಿತ್ತು. ಪೆಡಲಿನ ಮೇಲ್ಗಡೆ ಇರುವ ಪುಟ್ಟ ಸ್ವಿಚ್ ಕೆಟ್ಟಿತ್ತು. ಮತ್ತೊಮ್ಮೆ ಡಿಕ್ಕಿ ಬಾಗಿಲಿನ ಲೈಟುಗಳು ಬಾಗಿಲು ಅಲುಗಿದಾಗ ಬರುವುದು, ಹೋಗುವುದು. ಬಾಗಿಲು ಎಷ್ಟೋ ಸಾವಿರ ಸಲ ತೆಗೆದು ಹಾಕಿ ಕೀಲಿನ ಹತ್ತಿರ ವೈರು ಒಳಗೊಳಗೇ ತುಂಡಾಗಿತ್ತು. ಹೊರಗಿನ ರಬ್ಬರ್ ಕೊಳವೆ ನೋಡಲು ಹೊಸದರ ಹಾಗೇ ಇತ್ತು.

ಇವೆಲ್ಲ ತಲೆನೋವೇ, ಹೌದು. ಆದರೆ ಎಲ್ಲದಕ್ಕೂ ಮದ್ದಿತ್ತು. ಕೆಟ್ಟಿದ್ದು ಯಾವುದೋ ಅದನ್ನಷ್ಟೇ ಸರಿಮಾಡಬಹುದಿತ್ತು.

ಈಗ ಹೊಸ ಕಾರಿಗೆ ಬರುತ್ತೇನೆ. ಪೂರ್ತಿ ಎಲ್‌ಇಡಿ ಹಿಂದಿನ ಲೈಟು. ಕೊಳ್ಳುವಾಗ ಮಾರಾಟದ ಹುಡುಗ "ಸಾರ್, ಇದಕ್ಕೆ ಬಲ್ಬೇ ಇಲ್ಲ, ಜನ್ಮದಲ್ಲಿ ಬದಲಾಯಿಸಬೇಕಿಲ್ಲ" ಅಂದಿದ್ದ. ನಾಲ್ಕನೇ ವರ್ಷದ ಮಳೆಗಾಲದಲ್ಲಿ ಎಡಗಡೆಯ ಲ್ಯಾಂಪಿನೊಳಗೆ ಮಂಜು ಕಟ್ಟಿತು. ಮೊದಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಲ್ಯಾಂಪು ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ತಣ್ಣಗಾದಾಗ ಹೊರಗಿನ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಅದಕ್ಕಾಗಿಯೇ ಉಸಿರಾಡುವ ಸಣ್ಣ ತೂತು ಇಟ್ಟಿರುತ್ತಾರೆ, ಸ್ವಲ್ಪ ಮಂಜು ಬಂದು ಹೋಗುವುದು ಸಹಜ ಅಂತ ಓದಿದ್ದೆ. ಆದರೆ ಇದು ಹೋಗಲಿಲ್ಲ. ಹಳೆಯ ಬಲ್ಬು ತನ್ನ ಶಾಖದಲ್ಲೇ ಒಳಗನ್ನು ಒಣಗಿಸಿಕೊಳ್ಳುತ್ತಿತ್ತು. ಎಲ್‌ಇಡಿ ಮುಂದಕ್ಕೆ ಅಷ್ಟು ಬಿಸಿ ಕೊಡುವುದಿಲ್ಲ. ಹೋಗಬೇಕಾದ ಮಂಜು ಹನಿಯಾಯಿತು, ಹನಿ ಕೆಳಗಿಳಿದು ಬೆರಳು ದಪ್ಪದ ನೀರಾಗಿ ನಿಂತಿತು. ಒಂದು ವಾರಕ್ಕೆ ಬ್ರೇಕ್ ಲೈಟಿನ ಅರ್ಧ ಭಾಗ ಕತ್ತಲು.

ಅಧಿಕೃತ ಸರ್ವಿಸ್ ಸೆಂಟರಿಗೆ ಹೋದೆ. ನೀರು ಬಸಿದು, ನೀರು ತಡೆಯುವ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಹೊಸದು ಹಾಕಿ, ಕೆಟ್ಟ ಎಲ್‌ಇಡಿ ಪಟ್ಟಿ ಬದಲಾಯಿಸಿ ಕೊಡಿ ಅಂದೆ. ಮೇಜಿನಾಚೆ ಕೂತಿದ್ದವರು ಕಂಪ್ಯೂಟರ್ ನೋಡಿ ಹೇಳಿದರು: "ಅವೆಲ್ಲ ಬಿಡಿಯಾಗಿ ಬರೋದಿಲ್ಲ ಸಾರ್. ಪೂರ್ತಿ ಲ್ಯಾಂಪೇ ಹಾಕಬೇಕು." ಗ್ಯಾಸ್ಕೆಟ್? ಅದೂ ಇಲ್ಲ. ಲ್ಯಾಂಪ್ ತೆಗೆಯಲು ಮೊದಲು ಬಂಪರ್ ಇಳಿಸಬೇಕು. ಹೊಸದು ಹಾಕಿದ ಮೇಲೆ ಕಂಪ್ಯೂಟರ್ ಜೋಡಿಸಿ ಕೋಡಿಂಗ್ ಮಾಡಬೇಕು, ಇಲ್ಲದಿದ್ದರೆ ಕಾರು ಅದನ್ನು ಒಪ್ಪುವುದಿಲ್ಲ. ದಾಸ್ತಾನಿಲ್ಲ, ಮೂರು ವಾರ ಕಾಯಬೇಕು. ಅಲ್ಲಿಯವರೆಗೆ? "ಹುಷಾರಾಗಿ ಓಡಿಸಿ ಸಾರ್."

ಹುಷಾರಾಗಿ ಓಡಿಸುವುದು ಅಂದರೆ ಏನು ಸ್ವಾಮಿ? ನಾನು ಎಷ್ಟು ಹುಷಾರಾಗಿದ್ದರೂ ಹಿಂದಿನವನಿಗೆ ನನ್ನ ಬ್ರೇಕ್ ಕಾಣಬೇಕಲ್ಲ! ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ ನನಗೆ ಹೊಸ ಲ್ಯಾಂಪ್ ಕಟ್ಟಿದರು. ಬಿಲ್ಲನ್ನು ಇಲ್ಲಿ ಬರೆಯುವುದಿಲ್ಲ. ನಿಮಗೆ ಗೊತ್ತೇ ಇದೆ.

ತೆಗೆದ ಹಳೆಯ ಲ್ಯಾಂಪನ್ನು ಕೇಳಿ ಮನೆಗೆ ತಂದೆ. ಗರಗಸದಲ್ಲಿ ನಿಧಾನಕ್ಕೆ ಅಂಚು ಕೊಯ್ದು ತೆರೆದೆ. ಕೆಂಪು ಮುಚ್ಚಳ ಚೆನ್ನಾಗಿತ್ತು. ಹಿಂದಿನ ಡಬ್ಬಿ ಚೆನ್ನಾಗಿತ್ತು. ಒಳಗೆ ಅಂಗೈಯಷ್ಟು ಉದ್ದದ ಒಂದು ಬೋರ್ಡ್. ಅದರ ಮೇಲೆ ಎಲ್‌ಇಡಿಗಳು ಮಣಿಸರದಂತೆ ಸಾಲಾಗಿ ಪೋಣಿಸಿದ್ದವು. ಸರದಲ್ಲಿ ಒಂದು ಕಡಿದರೆ ಆ ಸಾಲೆಲ್ಲ ಆರುತ್ತದೆ. ನನ್ನದರಲ್ಲಿ ಎಲ್‌ಇಡಿಗಳೂ ಕೆಟ್ಟಿರಲಿಲ್ಲ. ನೀರು ತಾಗಿ ಒಂದು ಬೆಸುಗೆ ಹಸಿರು ಹಿಡಿದು ಬಿಟ್ಟುಕೊಂಡಿತ್ತು. ಅಷ್ಟೇ. ರೇಡಿಯೋ ರಿಪೇರಿ ಮಾಡುವ ಗೆಳೆಯನೊಬ್ಬ ಎರಡು ನಿಮಿಷದಲ್ಲಿ ಬೆಸುಗೆ ಹಾಕಿ ಉರಿಸಿ ತೋರಿಸಿದ. ನೀರು ಬಂದ ದಾರಿಯೂ ಸಿಕ್ಕಿತು. ಅಂಚಿನ ಅಂಟು ಒಂದು ಮೂಲೆಯಲ್ಲಿ ಸರಿಯಾಗಿ ಕೂತಿರಲಿಲ್ಲ, ಕೂದಲೆಳೆಯಷ್ಟು ಸಂದು ಇತ್ತು. ಅದು ಕಾರ್ಖಾನೆಯಿಂದಲೇ ಬಂದದ್ದು. ನನ್ನ ತಪ್ಪಂತೂ ಅಲ್ಲ ಅಲ್ವಾ?

ನಾನು ಹಳೇ ಕಾಲವೇ ಚೆಂದವಿತ್ತು ಅನ್ನುವವನಲ್ಲ. ಎಲ್‌ಇಡಿಯಿಂದ ಒಳ್ಳೆಯದಾಗಿದೆ. ತಂತಿಯ ಬಲ್ಬು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ತೆಗೆದುಕೊಳ್ಳುತ್ತದೆ. ಎಲ್‌ಇಡಿ ಒತ್ತಿದ ಕೂಡಲೇ ಉರಿಯುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವವನು ಅಷ್ಟು ಹೊತ್ತಿನಲ್ಲಿ ಐದೂವರೆ ಮೀಟರ್ ಮುಂದೆ ಬಂದಿರುತ್ತಾನೆ. ಒಂದು ಕಾರಿನ ಉದ್ದಕ್ಕಿಂತಲೂ ಜಾಸ್ತಿ. ಕರೆಂಟು ಕಮ್ಮಿ ಸಾಕು, ಕುಲುಕಾಟಕ್ಕೂ ಜಗ್ಗುವುದಿಲ್ಲ. ಒಪ್ಪಿದೆ. ಎಲ್‌ಇಡಿ ಮೇಲೆ ನನಗೆ ಸಿಟ್ಟಿಲ್ಲ. ಅದರ ಸುತ್ತ ನೀವು ಹಾಕಿದ ಅಂಟಿನ ಮೇಲೆ ಸಿಟ್ಟು.

ಇಲ್ಲಿ ನಿಯಮದ ಮಾತು ಬರುತ್ತದೆ. ವಾಹನಗಳ ಲೈಟುಗಳನ್ನು ಎಲ್ಲೆಲ್ಲಿ, ಹೇಗೆ ಕೂರಿಸಬೇಕು ಅನ್ನುವುದಕ್ಕೆ ವಿಶ್ವಸಂಸ್ಥೆಯ ಅಡಿಯಲ್ಲಿ ನಿಯಮ ಸಂಖ್ಯೆ 48 ಇದೆ. ಬಹಳಷ್ಟು ದೇಶಗಳು ಅದನ್ನು ಒಪ್ಪಿವೆ. ಆ ದೇಶಗಳಲ್ಲಿ ಮಾರುವ ಮಾದರಿಗಳನ್ನು ನೀವೂ ಅದಕ್ಕೆ ಹೊಂದಿಸಿಯೇ ಮಾಡುತ್ತೀರಿ. ಅದರಲ್ಲಿ ಒಂದು ಚೆಂದದ ಮಾತಿದೆ. ಲ್ಯಾಂಪಿನ ಬೆಳಕಿನ ಮೂಲವನ್ನು, ಅಂದರೆ ಬಲ್ಬನ್ನು, ಪರಿಣತಿ ಬೇಕಿಲ್ಲದೆ, ಕಾರಿನ ಜೊತೆ ಕೊಟ್ಟದ್ದನ್ನು ಬಿಟ್ಟು ಬೇರೆ ವಿಶೇಷ ಸಲಕರಣೆ ಬೇಕಿಲ್ಲದೆ ಬದಲಾಯಿಸುವಂತಿರಬೇಕು, ಅದನ್ನು ಮಾಡುವ ಕ್ರಮವನ್ನು ವಿವರವಾಗಿ ಬರೆದು ಕಾರಿನ ಜೊತೆ ಕೊಡಬೇಕು ಅಂತ. ಓದಿದಾಗ ನನಗೆ ಖುಷಿಯಾಯಿತು. ಆ ಎರಡು ಪ್ಲಾಸ್ಟಿಕ್ ನಟ್‌ಗಳು, ಆ ಅರ್ಧ ಪುಟದ ಚಿತ್ರ, ಎಲ್ಲ ನೆನಪಾದವು.

ಮುಂದಿನ ಸಾಲು ಓದಿದಾಗ ಖುಷಿ ಇಳಿಯಿತು. ಬೆಳಕಿನ ಮೂಲವನ್ನು ಬದಲಾಯಿಸಲಾಗದ ಲ್ಯಾಂಪ್ ಅಂತಲೇ ಒಪ್ಪಿಗೆ ಪಡೆದಿದ್ದರೆ ಅದಕ್ಕೆ ಈ ಮಾತು ಅನ್ವಯಿಸುವುದಿಲ್ಲ! ಬದಲಾಯಿಸಲು ಸುಲಭವಿರಬೇಕು, ಬದಲಾಯಿಸಲು ಆಗುವುದೇ ಇಲ್ಲ ಅಂದರೆ ಸುಲಭವಿರಬೇಕಿಲ್ಲ. ಕಾನೂನು ಬರೆದವರಿಗೆ ಅವತ್ತು ಏನೋ ಕಾರಣವಿದ್ದಿರಬಹುದು. ಆದರೆ ಅದು ಒಂದು ಸಣ್ಣ ಕಿಟಕಿಯಾಗಿತ್ತು. ನೀವೆಲ್ಲ ಇಡೀ ಕಾರನ್ನೇ ಅದರೊಳಗಿಂದ ಓಡಿಸಿಕೊಂಡು ಹೋಗಿದ್ದೀರಿ.

ಅದೇ ನಿಯಮದಲ್ಲಿ ಇನ್ನೊಂದು ವಿಚಿತ್ರ. ಇಂಡಿಕೇಟರ್ ಕೆಟ್ಟರೆ ಚಾಲಕನಿಗೆ ತಿಳಿಯಲೇಬೇಕು. ಅದಕ್ಕೇ ಒಂದು ಬಲ್ಬು ಹೋದರೆ ಟಿಕ್ ಟಿಕ್ ಸದ್ದು ಎರಡು ಪಟ್ಟು ಬೇಗ ಬಡಿದುಕೊಳ್ಳುವುದು. ಬ್ರೇಕ್ ಲೈಟ್ ಕೆಟ್ಟರೆ? ಎಚ್ಚರಿಸುವ ದೀಪ ಇಟ್ಟರೂ ಆಯಿತು, ಬಿಟ್ಟರೂ ಆಯಿತು. ತಯಾರಕರ ಇಷ್ಟ. ಇನ್ನು ಲೈಟ್ ಹಾಕಿದಾಗ ಡ್ಯಾಶ್‌ಬೋರ್ಡಿನಲ್ಲಿ ಬರುವ ಹಸಿರು ಗುರುತು ಇದೆಯಲ್ಲ, ಅದು ಸ್ವಿಚ್ ಆನ್ ಆಗಿದೆ ಅಂತಷ್ಟೇ ಹೇಳುತ್ತದೆ. ಹಿಂದೆ ಬಲ್ಬು ಉರಿಯುತ್ತಿದೆಯೋ ಇಲ್ಲವೋ ಅದಕ್ಕೇ ಗೊತ್ತಿಲ್ಲದಿರಬಹುದು. ಟೈರಿನಲ್ಲಿ ಗಾಳಿ ಕಮ್ಮಿಯಾದರೆ ಹೇಳುವ, ಸೀಟಿನ ಮೇಲೆ ಚೀಲ ಇಟ್ಟರೆ ಬೆಲ್ಟ್ ಹಾಕಿ ಅಂತ ಕಿರುಚುವ ಕಾರು, ಬ್ರೇಕ್ ಲೈಟ್ ಸತ್ತಿದ್ದರೆ ಬಾಯಿ ಬಿಡುವುದಿಲ್ಲ. ನೀವು ಮನಸ್ಸು ಮಾಡಿದರೆ ಇದು ಎಷ್ಟು ಹೊತ್ತಿನ ಕೆಲಸ? ಕೆಲವು ಮಾದರಿಗಳಲ್ಲಿ ಈಗಾಗಲೇ ಇಟ್ಟಿದ್ದೀರಿ. ಎಲ್ಲದರಲ್ಲೂ ಇಡಿ.

ಇನ್ನೊಂದು ವಿಷಯ ಇದಕ್ಕಿಂತಲೂ ಭಯ ಹುಟ್ಟಿಸುವಂಥದ್ದು. ಹಗಲು ಹೊತ್ತಿನಲ್ಲಿ ತಾನಾಗಿಯೇ ಉರಿಯುವ ಮುಂದಿನ ದೀಪಗಳು ಬಂದ ಮೇಲೆ ಹೊಸ ಬಗೆಯ ದೆವ್ವವೊಂದು ರಸ್ತೆಗೆ ಇಳಿದಿದೆ. ಚಾಲಕ ಕಾರು ಶುರು ಮಾಡುತ್ತಾನೆ. ಮುಂದೆ ಬೆಳಕಿದೆ. ಡ್ಯಾಶ್‌ಬೋರ್ಡ್ ಸಂಜೆಯಾದರೂ ಪಳಪಳ ಹೊಳೆಯುತ್ತಿದೆ, ಯಾಕೆಂದರೆ ಈಗ ಅದು ಯಾವಾಗಲೂ ಉರಿಯುವ ಪರದೆ. ಲೈಟ್ ಹಾಕಿದ್ದೇನೆ ಅಂತಲೇ ಅವನು ನಂಬಿರುತ್ತಾನೆ. ಹಿಂದೆ ಮಾತ್ರ ಪೂರ್ತಿ ಕತ್ತಲು. ಆ ದೀಪಗಳ ಜೊತೆ ಹಿಂದಿನ ಲೈಟು ಉರಿಯುವುದೇ ಇಲ್ಲ ಅಂತ ಅವನಿಗೆ ಯಾರೂ ಹೇಳಿಲ್ಲ. ನಾನು ಇಂಥ ಕಾರುಗಳ ಹಿಂದೆ ಎಷ್ಟು ಸಲ ಸಿಕ್ಕಿಕೊಂಡಿದ್ದೇನೋ ಲೆಕ್ಕವಿಲ್ಲ. ಮಳೆ ಬರುತ್ತಿರುತ್ತದೆ, ಬೂದು ಬಣ್ಣದ ಕಾರು, ಬೂದು ಬಣ್ಣದ ರಸ್ತೆ. ಪಕ್ಕಕ್ಕೆ ಹೋಗಿ ಹಾರ್ನ್ ಹೊಡೆದು ಕೈ ತೋರಿಸಿದರೆ ಚಾಲಕ ನನ್ನನ್ನೇ ಹುಚ್ಚನಂತೆ ನೋಡುತ್ತಾನೆ. ಪಾಪ, ಅವನದೇನು ತಪ್ಪು?

ಈ ದೆವ್ವಕ್ಕೆ ಮದ್ದು ಕಂಡುಹಿಡಿದ ದೇಶವಿದೆ. ಕೆನಡಾ 1989ರ ಡಿಸೆಂಬರ್‌ನಿಂದಲೇ ಹೊಸ ಕಾರುಗಳಿಗೆ ಹಗಲು ದೀಪ ಕಡ್ಡಾಯ ಮಾಡಿತ್ತು. ಹಾಗಾಗಿ ಕತ್ತಲೆ ಬೆನ್ನಿನ ಕಾರುಗಳ ಕಾಟವೂ ಅಲ್ಲಿನವರಿಗೆ ಚೆನ್ನಾಗಿ ಗೊತ್ತಾಯಿತು. 2021ರ ಸೆಪ್ಟೆಂಬರ್‌ನಿಂದ ಅಲ್ಲಿ ಹೊಸ ನಿಯಮ ಬಂತು. ತಯಾರಕರು ಮೂರರಲ್ಲಿ ಒಂದನ್ನು ಮಾಡಬೇಕು: ಹಗಲು ದೀಪದ ಜೊತೆ ಹಿಂದಿನ ಲೈಟೂ ಉರಿಯಬೇಕು, ಇಲ್ಲವೇ ಕತ್ತಲಾದಾಗ ಎಲ್ಲ ಲೈಟೂ ತಾವಾಗಿಯೇ ಹತ್ತಿಕೊಳ್ಳಬೇಕು, ಅದೂ ಇಲ್ಲದಿದ್ದರೆ ಡ್ಯಾಶ್‌ಬೋರ್ಡ್ ಕತ್ತಲಾಗಿಯೇ ಇದ್ದು ಚಾಲಕನೇ ಲೈಟ್ ಹಾಕುವಂತೆ ಮಾಡಬೇಕು. ಅಲ್ಲಿಗೆ ಕಳುಹಿಸುವ ಕಾರಿನಲ್ಲಿ ನೀವು ಇದನ್ನು ಮಾಡುತ್ತಿದ್ದೀರಿ. ಅದೇ ಮಾದರಿಯನ್ನು ಬೇರೆ ಕಡೆ ಮಾರುವಾಗ ಬಿಟ್ಟುಬಿಡಬೇಡಿ. ಕತ್ತಲೆ ಎಲ್ಲ ಕಡೆಯೂ ಒಂದೇ ಥರ ಆಗುತ್ತದೆ.

ಹಿಂದಿನ ಲೈಟಿನಿಂದ ಏನು ಮಹಾ ವ್ಯತ್ಯಾಸ ಅನ್ನುವವರು ನಿಮ್ಮ ಲೆಕ್ಕಪತ್ರ ವಿಭಾಗದಲ್ಲಿ ಇರಬಹುದು. ಹಿಂದಿನ ಗಾಜಿನ ಹತ್ತಿರ, ನಡುವೆ, ಎತ್ತರದಲ್ಲಿ ಇರುವ ಮೂರನೇ ಬ್ರೇಕ್ ಲೈಟನ್ನು ಅವರಿಗೆ ತೋರಿಸಿ. ಅಮೆರಿಕದಲ್ಲಿ 1986ರ ಮಾದರಿಯ ಕಾರುಗಳಿಂದ ಅದು ಕಡ್ಡಾಯವಾಯಿತು. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ವರ್ಷಗಟ್ಟಲೆ ಅಂಕಿಅಂಶ ನೋಡಿತು. ಮೊದಮೊದಲು ಹಿಂದಿನಿಂದ ಗುದ್ದುವ ಅಪಘಾತಗಳು ಶೇ. 8.5ರಷ್ಟು ಇಳಿದವು. ಜನರ ಕಣ್ಣಿಗೆ ಆ ದೀಪ ಒಗ್ಗಿದ ಮೇಲೂ ಶೇ. 4.3ರ ಇಳಿಕೆ ಉಳಿದುಕೊಂಡಿತು. ಒಂದೇ ಒಂದು ಪುಟ್ಟ ದೀಪ ಜಾಸ್ತಿ ಮಾಡಿದ್ದಕ್ಕೆ ಇಷ್ಟು. ಹಾಗಾದರೆ ಇರುವ ದೀಪ ಕೆಟ್ಟು ಮೂರು ವಾರ ಕಾಯುವುದಕ್ಕೆ ಎಷ್ಟು?

ನಮ್ಮ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ವರ್ಷಕ್ಕೊಮ್ಮೆಯೂ ಕಾರಿನ ಹಿಂದೆ ಹೋಗಿ ನಿಂತು ನೋಡುವುದಿಲ್ಲ. ಒಬ್ಬರೇ ಇದ್ದರೂ ರಾತ್ರಿ ಗೋಡೆಗೆ ಹಿಮ್ಮುಖವಾಗಿ ನಿಲ್ಲಿಸಿ ಬ್ರೇಕ್ ಒತ್ತಿದರೆ ಗೋಡೆಯ ಮೇಲಿನ ಕೆಂಪು ಎಲ್ಲ ಹೇಳಿಬಿಡುತ್ತದೆ. ಮಣ್ಣು ಮೆತ್ತಿದ ಲ್ಯಾಂಪನ್ನು ಒರೆಸಲು ಒದ್ದೆ ಬಟ್ಟೆ ಸಾಕು. ಪೆಟ್ರೋಲು, ಥಿನ್ನರ್ ಹಾಕಿ ಉಜ್ಜಿ ಮುಚ್ಚಳದಲ್ಲಿ ಬಿರುಕು ಎಬ್ಬಿಸಿದವರನ್ನು ಕಂಡಿದ್ದೇನೆ. ಅದು ಅಕ್ರಿಲಿಕ್ ಪ್ಲಾಸ್ಟಿಕ್, ಗಾಜಲ್ಲ. ಒಡೆದ ಮುಚ್ಚಳವನ್ನು ಹಾಗೇ ಬಿಟ್ಟು ಓಡಿಸುವವರೂ ಇದ್ದಾರೆ. ಆ ತೂತಿನಿಂದ ಬಿಳಿ ಬೆಳಕು ಹಿಂದಕ್ಕೆ ಹೋಗುತ್ತದೆ, ಹಿಂದಿನವನು ಕಾರು ರಿವರ್ಸ್ ಬರುತ್ತಿದೆ ಅಂದುಕೊಳ್ಳುತ್ತಾನೆ. ಲ್ಯಾಂಪಿಗೆ ಕಪ್ಪು ಹಾಳೆ ಅಂಟಿಸಿ ಅಂದ ಮಾಡಿಕೊಳ್ಳುವವರ ಬಗ್ಗೆ ಮಾತಾಡುವುದೇ ಬೇಡ.

ಇನ್ನು ಮಾರುಕಟ್ಟೆಯ ಎಲ್‌ಇಡಿ ಬಲ್ಬುಗಳು. ಹಳೆಯ ಹೋಲ್ಡರಿಗೆ ನೇರವಾಗಿ ಹಾಕಬಹುದು ಅಂತ ಮಾರುತ್ತಾರೆ. ಆ ಲ್ಯಾಂಪಿನ ಒಳಗಿನ ಕನ್ನಡಿಯನ್ನು ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಬೆಳಕು ಬೇರೆ ಜಾಗದಿಂದ ಬಂದರೆ ಹತ್ತಿರದಿಂದ ಕಣ್ಣು ಕುಕ್ಕುತ್ತದೆ, ದೂರದಿಂದ, ಪಕ್ಕದಿಂದ ಕಾಣುವುದೇ ಇಲ್ಲ. ಕೆಂಪು ಮುಚ್ಚಳದ ಹಿಂದೆ ಬಿಳಿ ಎಲ್‌ಇಡಿ ಹಾಕಿದರಂತೂ ಬಹುಪಾಲು ಬೆಳಕನ್ನು ಮುಚ್ಚಳವೇ ನುಂಗುತ್ತದೆ. ಕರೆಂಟ್ ಕಮ್ಮಿ ಎಳೆಯುವುದರಿಂದ ಕಾರು ಬಲ್ಬು ಸುಟ್ಟಿದೆ ಅಂತ ಸುಳ್ಳು ಎಚ್ಚರಿಕೆ ಕೊಡುತ್ತದೆ. ಅದನ್ನು ಸುಮ್ಮನಾಗಿಸಲು ಜನ ಹಳೆಯ ಬಲ್ಬಿನಷ್ಟೇ ಕರೆಂಟ್ ಎಳೆಯುವಂತೆ ರೆಸಿಸ್ಟರ್ ಅನ್ನುವ ಬಿಡಿಭಾಗ ಸೇರಿಸುತ್ತಾರೆ, ಅದು ಪ್ಲಾಸ್ಟಿಕ್ ಕರಗುವಷ್ಟು ಬಿಸಿಯಾಗುತ್ತದೆ. ಇದನ್ನೆಲ್ಲ ನಾನು ಸಮರ್ಥಿಸುತ್ತಿಲ್ಲ. ಆದರೆ ಒಂದು ಮಾತು. ಸರಿಯಾದ ಬಲ್ಬು ಯಾವುದು ಅಂತ ಮಾಲೀಕನಿಗೆ ನೀವು ಹೇಳದೆ ಹೋದರೆ, ಹೇಳುವವರು ಬೇರೆ ಯಾರೋ ಇರುತ್ತಾರೆ. ಹೊಸ ಕಾರಿನ ನನ್ನ ಪುಸ್ತಕದಲ್ಲಿ ಹಿಂದಿನ ಲೈಟಿನ ಬಗ್ಗೆ ಇರುವುದು ಒಂದೇ ಸಾಲು: "ಅಧಿಕೃತ ಸರ್ವಿಸ್ ಸೆಂಟರನ್ನು ಸಂಪರ್ಕಿಸಿ." ಸ್ಟಿಯರಿಂಗ್ ಪಕ್ಕದ ಹಾಡು ಬದಲಾಯಿಸುವ ಗುಂಡಿಗೆ ಆರು ಪುಟ ಕೊಟ್ಟಿದ್ದೀರಿ.

ಆದ್ದರಿಂದ ನನ್ನ ಕೋರಿಕೆಗಳು.

ಬೇರೆ ಎಲ್ಲಕ್ಕಿಂತ ಮೊದಲು, ಲ್ಯಾಂಪನ್ನು ಬಿಚ್ಚುವಂತೆ ಮಾಡಿ. ಮುಚ್ಚಳ, ಡಬ್ಬಿ, ಎಲ್‌ಇಡಿ ಬೋರ್ಡ್, ಗ್ಯಾಸ್ಕೆಟ್ ಇವು ನಾಲ್ಕೂ ಬೇರೆ ಬೇರೆ ಭಾಗಗಳಾಗಿರಲಿ, ಬಿಡಿಯಾಗಿ ಸಿಗಲಿ. ಅಂಟಿನ ಬದಲು ಸ್ಕ್ರೂ ಹಾಕಿದರೆ ನೀರು ಬರುತ್ತದೆ ಅಂತ ನಿಮ್ಮ ಎಂಜಿನಿಯರ್‌ಗಳು ಹೇಳಬಹುದು. ಅಂಟು ಹಾಕಿದ್ದಕ್ಕೂ ಬಂತಲ್ಲ! ಕೊನೇಪಕ್ಷ ಬೋರ್ಡನ್ನಾದರೂ ಹಿಂದಿನಿಂದ ಹೋಲ್ಡರಿನಂತೆ ತಿರುಗಿಸಿ ತೆಗೆಯುವ ಹಾಗೆ ಮಾಡಿ. ಬದಲಾಯಿಸಬಹುದಾದ ಎಲ್‌ಇಡಿ ಮೂಲಗಳಿಗೂ ವಿಶ್ವಸಂಸ್ಥೆಯ ನಿಯಮಗಳಲ್ಲಿ ಅಳತೆ ನಿಗದಿಯಾಗಿದೆ. ಅಂದರೆ ದಾರಿ ಇದೆ, ನಡೆಯುವವರು ಬೇಕು.

ಆಮೇಲೆ, ಬಂಪರನ್ನು ಇದರಿಂದ ಬಿಡಿಸಿ. ಲ್ಯಾಂಪಿನ ನಟ್‌ಗಳು ಡಿಕ್ಕಿಯ ಒಳಗಿನಿಂದಲೇ ಕೈಗೆ ಸಿಗಬೇಕು. ನಿಮ್ಮಲ್ಲಿ ಹೊಸ ಮಾದರಿ ಸಿದ್ಧವಾದಾಗ ಒಂದು ಪರೀಕ್ಷೆ ಮಾಡಿ ನೋಡಿ. ಕಾರ್ಖಾನೆಗೆ ಸಂಬಂಧವೇ ಇಲ್ಲದ ಒಬ್ಬರನ್ನು ಕರೆದು, ಪುಸ್ತಕ ಮತ್ತು ಕಾರಿನ ಜೊತೆ ಬರುವ ಸಲಕರಣೆ ಕೊಟ್ಟು, ಕತ್ತಲಲ್ಲಿ ಹಿಂದಿನ ಲೈಟು ಬಿಚ್ಚಿ ಹಾಕಲು ಹೇಳಿ. ಅರ್ಧ ಗಂಟೆಯಲ್ಲಿ ಆಗದಿದ್ದರೆ ವಿನ್ಯಾಸವನ್ನು ವಾಪಸ್ ಮೇಜಿಗೆ ಕಳುಹಿಸಿ.

ಹೊಸ ಲ್ಯಾಂಪಿಗೆ ಕೋಡಿಂಗ್ ಬೇಕು ಅನ್ನುವುದನ್ನು ನಾನು ಒಪ್ಪಲಾರೆ. ಬ್ರೇಕ್ ಒತ್ತಿದರೆ ಉರಿಯಬೇಕು, ಬಿಟ್ಟರೆ ಆರಬೇಕು. ಇದಕ್ಕೆ ಯಾರ ಅನುಮತಿ? ಸೊಗಸಿಗೆ ಹರಿದಾಡುವ ಬೆಳಕಿನಾಟಕ್ಕೆ ಬೇಕಿದ್ದರೆ ಕೋಡಿಂಗ್ ಇಟ್ಟುಕೊಳ್ಳಿ. ಬ್ರೇಕು, ಇಂಡಿಕೇಟರು, ರಾತ್ರಿಯ ಕೆಂಪು, ಇವು ಮೂರು ಮಾತ್ರ ಪ್ಲಗ್ ಸಿಕ್ಕಿಸಿದ ಕೂಡಲೇ ಕೆಲಸ ಮಾಡಬೇಕು.

ಬ್ರೇಕ್ ಲೈಟ್ ಅಥವಾ ಹಿಂದಿನ ಕೆಂಪು ದೀಪ ಕೆಟ್ಟರೆ ಯಾವ ಬದಿಯದು ಅಂತ ಚಾಲಕನಿಗೆ ಹೇಳಿ. ದುಬಾರಿ ಮಾದರಿಯಲ್ಲಿ ಮಾತ್ರ ಅಲ್ಲ, ಎಲ್ಲದರಲ್ಲೂ. ಹಗಲು ದೀಪ ಉರಿಯುವಾಗ ಹಿಂದಿನ ಲೈಟೂ ಉರಿಯಲಿ. ಈಗಾಗಲೇ ಮಾರಿರುವ ಕಾರುಗಳಲ್ಲಿ ಸಾಫ್ಟ್‌ವೇರ್ ಬದಲಾಯಿಸಿ ಇದನ್ನು ಮಾಡಲು ಆಗುವುದಾದರೆ, ಮುಂದಿನ ಸರ್ವಿಸ್‌ನಲ್ಲೇ ಮಾಡಿಕೊಡಿ.

ಪುಸ್ತಕದ ಆ ಅರ್ಧ ಪುಟವನ್ನು ವಾಪಸ್ ತನ್ನಿ. ಬಲ್ಬಿನ ಸಂಖ್ಯೆ, ಫ್ಯೂಸಿನ ಜಾಗ, ಅರ್ತ್ ಜೋಡಣೆಯ ಜಾಗ, ಬ್ರೇಕ್ ಸ್ವಿಚ್ಚಿನ ಜಾಗ, ಇಷ್ಟು ಸಾಕು. ಹೋಲ್ಡರಿನ ಮೇಲೂ ಬಲ್ಬಿನ ಸಂಖ್ಯೆ ಅಚ್ಚೊತ್ತಿ. ಕತ್ತಲಲ್ಲಿ ಪುಸ್ತಕ ಹುಡುಕುವವರು ಕಮ್ಮಿ.

ಸರ್ವಿಸ್ ವಿಭಾಗದವರಿಗೆ ಬೇರೆಯಾಗಿ ಒಂದು ಮಾತು. ಲ್ಯಾಂಪ್ ದಾಸ್ತಾನಿಲ್ಲದಿದ್ದರೆ, ಬರುವವರೆಗೆ ಬಳಸಲು ತಾತ್ಕಾಲಿಕವಾಗಿ ಒಂದು ಲ್ಯಾಂಪ್ ಕೊಡುವ ವ್ಯವಸ್ಥೆ ಮಾಡಿ. ಹಿಂದಿನ ಲೈಟು ಇಲ್ಲದ ಕಾರನ್ನು "ಹುಷಾರಾಗಿ ಓಡಿಸಿ" ಅಂತ ಕಳುಹಿಸಬೇಡಿ. ಬ್ರೇಕ್ ಇಲ್ಲದ ಕಾರನ್ನು ಹಾಗೆ ಕಳುಹಿಸುತ್ತೀರಾ?

ಕೊಯ್ದು ತೆರೆದ ನನ್ನ ಹಳೆಯ ಲ್ಯಾಂಪ್ ಈಗ ಬರೆಯುತ್ತಿರುವ ಮೇಜಿನ ಮೇಲೇ ಇದೆ. ಹನ್ನೆರಡು ವೋಲ್ಟ್ ಕೊಟ್ಟರೆ ಈಗಲೂ ಪೂರ್ತಿ ಉರಿಯುತ್ತದೆ. ಬೆಸುಗೆ ಬಿಟ್ಟ ಜಾಗಕ್ಕೆ ಸುತ್ತು ಹಾಕಿದ್ದೇನೆ, ಅಂಟು ಕೂರದ ಮೂಲೆಗೆ ಬಾಣದ ಗುರುತು ಮಾಡಿದ್ದೇನೆ. ನಿಮ್ಮಲ್ಲಿ ಯಾರಾದರೂ ನೋಡಬೇಕು ಅಂದರೆ ಒಂದು ಸಾಲು ಬರೆಯಿರಿ. ನನ್ನ ಖರ್ಚಿನಲ್ಲೇ ಕಳುಹಿಸಿಕೊಡುತ್ತೇನೆ.

ಇಂತಿ,
ನಿಮ್ಮ ಕಾರಿನ ಒಬ್ಬ ಮಾಲೀಕ